ಬೆಲ್‌ಫಾಸ್ಟ್‌ಗೆ ಹೋಗ್ತೀರಾ? ಟ್ಯಾಕ್ಸಿ ಬಿಡಿ, ಗೇಟು ಮರೀಬೇಡಿ

ದಾವಣಗೆರೆಯ ನಮ್ಮ ವಾಕಿಂಗ್ ಗುಂಪಿನಲ್ಲಿ ಇನ್ನೂ ಎರಡು ಮನೆಯವರು ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಮಕ್ಕಳ ಹತ್ತಿರ ಹೊರಟಿದ್ದಾರೆ. ಹಾಗೇ ಬೆಲ್‌ಫಾಸ್ಟ್ ಗೋಡೆಚಿತ್ರಗಳನ್ನೂ ನೋಡ್ಕೊಂಡು ಬರ್ತೀವಿ ಅಂತಾರೆ. ಮೊದಲು ವೀಸಾ ನೋಡಿಕೊಳ್ಳಿ. ಬಸ್ಸಿನಲ್ಲಿ ಎರಡೂವರೆ ಗಂಟೆ, ದಾರಿಯಲ್ಲಿ ಗಡಿ ಅನ್ನೋದೇ ಕಾಣಲ್ಲ. ಆದರೂ ಬೆಲ್‌ಫಾಸ್ಟ್ ಇರೋದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿನ ನೆಲ. ಐರ್ಲೆಂಡ್ ವೀಸಾದಲ್ಲಿ ‘ಬಿಐವಿಎಸ್’ (ಒಂದೇ ವೀಸಾ ಎರಡೂ ದೇಶಕ್ಕೆ ನಡೆಯುವ ವ್ಯವಸ್ಥೆ) ಅಂತ ಬರೆದಿಲ್ಲದಿದ್ದರೆ ಬ್ರಿಟನ್ ವೀಸಾ ಬೇರೆ ಮಾಡಿಸಬೇಕು. ಯೂರೋ ಬಿಟ್ಟು ಪೌಂಡ್ ಇಟ್ಟುಕೊಳ್ಳಿ.

ನಾವು ಹೋದಾಗ ಮೋಸ ಹೋಗಿದ್ದು ಗೋಡೆಚಿತ್ರ ತೋರಿಸುವ ಟ್ಯಾಕ್ಸಿಯಲ್ಲಿ. ಗಾಡಿಗೆ ಇಷ್ಟು ಅಂದುಕೊಂಡು ಹತ್ತಿದೆವು, ಇಳಿಯುವಾಗ ತಲೆಗಿಷ್ಟು ಅಂದ. ಒಂದೂವರೆ ಗಂಟೆ ಅಂದವನು ಐವತ್ತು ನಿಮಿಷಕ್ಕೆ ಮುಗಿಸಿದ. ಅದರಲ್ಲೂ ಕಾಲು ಗಂಟೆ ಗಿಫ್ಟ್ ಅಂಗಡಿಯಲ್ಲಿ. ಐರ್ಲೆಂಡಿಗೆ ಸೇರಬೇಕು ಅನ್ನೋ ಕ್ಯಾಥೊಲಿಕರಿಗೂ ಬ್ರಿಟನ್ನಿನಲ್ಲೇ ಇರಬೇಕು ಅನ್ನೋ ಪ್ರಾಟೆಸ್ಟೆಂಟರಿಗೂ ಅಲ್ಲಿ ವರ್ಷಗಟ್ಟಲೆ ಹೊಡೆದಾಟ ನಡೆದಿತ್ತು. ಅದರಲ್ಲಿ ತನ್ನ ಕಡೆ ಸತ್ತವರನ್ನು ಹೆಸರು ಹಿಡಿದು ಹೇಳಿದ. ಇನ್ನೊಂದು ಕಡೆ ಬಂದಾಗ ಗಾಡಿ ನಿಲ್ಲಿಸಲೇ ಇಲ್ಲ.

ಮರುದಿನ ನಡೆದೇ ಹೋದೆವು. ಫಾಲ್ಸ್ ರಸ್ತೆ ಕ್ಯಾಥೊಲಿಕರದು, ಶಾಂಕಿಲ್ ರಸ್ತೆ ಪ್ರಾಟೆಸ್ಟೆಂಟರದು. 1981ರಲ್ಲಿ ಜೈಲಿನಲ್ಲಿ 66 ದಿನ ಉಪವಾಸ ಮಾಡಿ ಸತ್ತ, ಬ್ರಿಟನ್ ವಿರುದ್ಧದ ಹೋರಾಟಗಾರ ಬಾಬಿ ಸ್ಯಾಂಡ್ಸ್ ಫಾಲ್ಸ್‌ನ ಗೋಡೆ ಮೇಲೆ ನಗ್ತಾನೆ. ಶಾಂಕಿಲ್ ಕಡೆ 1690ರ ಯುದ್ಧದಲ್ಲಿ ಕ್ಯಾಥೊಲಿಕ್ ರಾಜನನ್ನು ಸೋಲಿಸಿದ ಪ್ರಾಟೆಸ್ಟೆಂಟ್ ರಾಜ ವಿಲಿಯಂ ಕುದುರೆ ಏರಿದ್ದಾನೆ. 1993ರಲ್ಲಿ ಮೀನಂಗಡಿಗೆ ಬಾಂಬ್ ಇಟ್ಟಾಗ ಸತ್ತವರ ಸ್ಮಾರಕವೂ ಅಲ್ಲೇ.

ಕ್ಯಾಥೊಲಿಕರ ಕಡೆಯ ಬಾಂಬೆ ಸ್ಟ್ರೀಟ್ ಮಾತ್ರ ತಪ್ಪಿಸಬೇಡಿ. ಹೌದು, ಬಾಂಬೆಯೇ! ಪಕ್ಕದಲ್ಲಿ ಕಾಶ್ಮೀರ ರಸ್ತೆ. ಇಡೀ ಬೀದಿಗೆ ಬೆಂಕಿ ಬಿದ್ದದ್ದು 1969ರಲ್ಲಿ, ಅದೂ ಆಗಸ್ಟ್ 15ಕ್ಕೆ. ಈಗ ಹಿತ್ತಲಿಗೆ ಅಂಟಿಕೊಂಡೇ ಎರಡೂ ಕಡೆಯವರನ್ನು ಬೇರೆ ಮಾಡುವ ಗೋಡೆ ಇದೆ: ಕೆಳಗೆ ಕಾಂಕ್ರೀಟ್, ಮೇಲೆ ತಗಡು, ಅದರ ಮೇಲೆ ಜಾಲರಿ. ಆಚೆಯಿಂದ ಕಲ್ಲು ಬೀಳಬಾರದು ಅಂತ ಹಿತ್ತಲಿಗೂ ತಂತಿಬಲೆ, ಕೋಳಿಗೂಡಿನ ಹಾಗೆ. ಒಂದರೊಳಗೆ ಮಗುವಿನ ಸೈಕಲ್ಲು, ಒಣಗಲು ಹಾಕಿದ ಟವಲ್ಲು.

ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಸಣ್ಣ ಕೆಫೆಗಳಲ್ಲಿ ಆಲೂಗಡ್ಡೆ ರೊಟ್ಟಿ ಸಿಗುತ್ತೆ. ಬೇಯಿಸಿದ ಆಲೂಗಡ್ಡೆ ನುರಿದು, ಮೈದಾ, ಬೆಣ್ಣೆ ಸೇರಿಸಿ ತಟ್ಟಿ, ಹೆಂಚಿನ ಮೇಲೆ ಸುಡ್ತಾರೆ. ಆ ಬೆಣ್ಣೆ ವಾಸನೆಗೆ ನಮ್ಮೂರ ದೋಸೆ ಹೋಟೆಲ್ಲೇ ನೆನಪಾಯ್ತು. ಹೇಳದಿದ್ದರೆ ಪಕ್ಕದಲ್ಲಿ ಹಂದಿಮಾಂಸ ಇಟ್ಟು ಕೊಡ್ತಾರೆ, ಮೊದಲೇ ಹೇಳಿ. ನಾನು ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದೆ. ಅಂಗಡಿಯಾಕೆ ಬೆರಳಲ್ಲಿ ರುಚಿ ನೋಡಿ, ಕೆಮ್ಮಿ, ಮತ್ತೆ ಕೈ ಚಾಚಿದಳು! ಇನ್ನೊಂದು ರೊಟ್ಟಿ ಪುಕ್ಕಟೆ ಬಂತು. ಇಬ್ಬರ ಹೊಟ್ಟೆ ತುಂಬಿದರೂ ಟ್ಯಾಕ್ಸಿಗೆ ಕೊಟ್ಟದ್ದರ ಕಾಲು ಭಾಗ ಆಗಲಿಲ್ಲ.

ಗೋಡೆಗೆ ಅಲ್ಲಲ್ಲಿ ಗೇಟುಗಳಿವೆ, ಕೆಲವನ್ನು ಸಂಜೆ ಮುಚ್ತಾರೆ. 1998ರಲ್ಲೇ ಶಾಂತಿ ಒಪ್ಪಂದ ಆಯ್ತಲ್ಲ, ಇನ್ನೆಂಥ ಗೇಟು ಅಂದರು ನಮ್ಮ ಯಜಮಾನರು. ಕಣ್ಣೆದುರೇ ಮುಚ್ಚಿತು. ಮಂಡಿನೋವಿನಲ್ಲಿ ಸುತ್ತು ಹಾಕಿ ಬಂದವಳು ನಾನು.

ಜುಲೈ 12ರ ಆಸುಪಾಸು ಬೇಡ. ಅವತ್ತು ಆ ವಿಲಿಯಂ ರಾಜನ ಗೆಲುವಿನ ನೆನಪಿಗೆ ಪ್ರಾಟೆಸ್ಟೆಂಟರ ಮೆರವಣಿಗೆ, ಡೋಲು, ಗದ್ದಲ. ನನಗಂತೂ ಆಗಲ್ಲ. ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲೇ ಇಷ್ಟ ಅನ್ನೋರು ಬೇಕಿದ್ರೆ ಹೋಗಿ.