ಚಿಗವ್ವನ ಜೊತೆ ಭೋರ್ ಘಾಟ್ ಇಳಿದು ಮಾಟುಂಗಕ್ಕೆ

ಚಿಗವ್ವ ಸೊಲ್ಲಾಪುರದಲ್ಲಿ ವಂದೇ ಭಾರತ್ ಹತ್ತಿದ್ದಳು, ನಾನು ಪುಣೆಯಲ್ಲಿ. ಮರುದಿನ ಮುಂಬೈಯಿಂದ ಅವಳಿಗೆ ಚಂಡೀಗಢದ ವಿಮಾನ. ಅಲ್ಲಿಂದ ಶಿಮ್ಲಾ, ಮನಾಲಿ. ಹೆಂಗಸರು ಮಾತ್ರ ಇರುವ ಟೂರು. ವಿಜಯಪುರದಲ್ಲಿ ಸಾಲಿ ಟೀಚರ್ ಆಗಿ ನಿವೃತ್ತಳಾದ ಮೇಲೆ ಮನೆಯವರು ಯಾರೂ ಇಲ್ಲದೆ ಹೊರಟಿದ್ದು ಇದೇ ಮೊದಲು. ಮಗ "ಮುಂದಿನ ವರ್ಷ ಎಲ್ಲಾರೂ ಕೂಡಿ ಹೋಗೂಣು" ಅಂದನಂತೆ. "ಅಂವಾ ಹೇಳೋ ಮುಂದಿನ ವರ್ಷ ಇನ್ನೂ ಬಂದೇ ಇಲ್ಲ" ಎಂದು ನಗುತ್ತಾ ರೊಟ್ಟಿಯ ಗಂಟು ಬಿಚ್ಚಿದಳು. ಎಸಿ ಬೋಗಿಯ ತುಂಬ ಶೇಂಗಾ ಚಟ್ನಿಯ ವಾಸನೆ.

ಲೋನಾವಳ ದಾಟಿದರೆ ಭೋರ್ ಘಾಟ್. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದರೂ ಇಲ್ಲಿ ಬಂದಾಗ ನಾನು ಮೊಬೈಲ್ ಕೆಳಗಿಡುತ್ತೇನೆ. ಸುರಂಗ, ಬೆಳಕು, ಕಣಿವೆ, ಮತ್ತೆ ಸುರಂಗ. 37 ಅಡಿ ಮುಂದೆ ಹೋದರೆ ಒಂದು ಅಡಿ ಏರು, ಅಷ್ಟು ಕಡಿದಾದ ದಾರಿ. ಪಕ್ಕದ ಹಳಿಯಲ್ಲಿ ಕರ್ಜತ್ ಕಡೆಯಿಂದ ಒಂದು ರೈಲು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಅದನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳು. ಇವಕ್ಕೆ ಬ್ಯಾಂಕರ್ ಎನ್ನುತ್ತಾರೆ. ವಂದೇ ಭಾರತ್‌ಗೆ ಆ ತಳ್ಳಾಟ ಬೇಡ. ಅದರ ಮೋಟಾರುಗಳು ಒಂದೇ ಎಂಜಿನ್ನಿನಲ್ಲಿರದೆ ಬೋಗಿಗಳ ಕೆಳಗೆ ಹಂಚಿಕೊಂಡಿರುತ್ತವೆ. ಹಾಗಾಗಿ ಘಾಟ್ ತಾನೇ ಹತ್ತುತ್ತದೆ.

ಇದೇ ಸೊಲ್ಲಾಪುರ–ಮುಂಬೈ ವಂದೇ ಭಾರತನ್ನು 2023ರ ಮಾರ್ಚ್ 13ರಂದು ಸುರೇಖಾ ಯಾದವ್ ಓಡಿಸಿಕೊಂಡು ಬಂದಿದ್ದರು. ಸಾತಾರದವರು, ಕರಾಡದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವರು, ದೇಶದ ಮೊದಲ ಮಹಿಳಾ ರೈಲು ಚಾಲಕಿ. 2011ರ ಮಾರ್ಚ್ 8ರಂದು ಪುಣೆಯಿಂದ ಡೆಕ್ಕನ್ ಕ್ವೀನ್ ಇಳಿಸಿದ್ದೂ ಇದೇ ಘಾಟಿನಲ್ಲಿ. 2025ರ ಸೆಪ್ಟೆಂಬರ್ ಕೊನೆಗೆ ನಿವೃತ್ತರಾದರು. ಇದನ್ನೆಲ್ಲ ಹೇಳಿದಾಗ ಚಿಗವ್ವ ಕೇಳಿದ್ದು ಒಂದೇ: "ಅಷ್ಟೊತ್ತು ಎಂಜಿನ್ನಿನಾಗ ನಿಂತ್ರ, ಬಾತ್‌ರೂಮಿಗೆ ಎಲ್ಲಿ ಹೋಗ್ತಿದ್ಳವಾ ಆಕಿ?"

ನಗು ಬಂತು. ಆದರೆ ಸುಮ್ನೆ ನಗುವ ಮಾತಲ್ಲ. ನಮ್ಮ ದೇಶದ ಎಷ್ಟೋ ರೈಲು ಎಂಜಿನ್‌ಗಳಲ್ಲಿ ಈಗಲೂ ಶೌಚಾಲಯ ಇಲ್ಲ.

ಈ ಘಾಟಿಗೆ ಇನ್ನೂ ಹಳೆಯ ಹೆಣ್ಣಿನ ಕತೆಯೊಂದಿದೆ. 1859ರಲ್ಲಿ ಇಲ್ಲಿ ಹಳಿ ಹಾಕುವ ಗುತ್ತಿಗೆ ಹಿಡಿದು ಸಾಲೊಮನ್ ಟ್ರೆಡ್‌ವೆಲ್ ಎಂಬ ಇಂಗ್ಲಿಷ್ ಕಂಟ್ರಾಕ್ಟರ್ ಬಂದ. ಬಂದ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಅವನ ಹೆಂಡತಿ ಆಲಿಸ್ ಊರಿಗೆ ಹಡಗು ಹತ್ತಬಹುದಿತ್ತು. ಹತ್ತಲಿಲ್ಲ. ಗುತ್ತಿಗೆಯನ್ನು ತನ್ನ ಕೈಗೆ ತೆಗೆದುಕೊಂಡು, ಎಂಜಿನಿಯರುಗಳನ್ನು ಇಟ್ಟುಕೊಂಡು, 25 ಸುರಂಗಗಳ ಆ ದಾರಿಯನ್ನು ಮುಗಿಸಿಕೊಟ್ಟಳು. 1863ರಲ್ಲಿ ರೈಲು ಓಡಿತು. ಕೆಲಸದ ಫೋಟೊಗಳನ್ನೂ ತಾನೇ ತೆಗೆದಿದ್ದಾಳೆ. ಬಂಡೆ ಒಡೆಯುತ್ತಾ, ಕಾಲರಾ ಬಂದು ಸತ್ತ ಸಾವಿರಾರು ಕೂಲಿಗಳ ಹೆಸರು ಮಾತ್ರ ಎಲ್ಲೂ ಸಿಗುವುದಿಲ್ಲ. ಅವರಲ್ಲಿ ಹೆಂಗಸರೂ ಇದ್ದರು.

ದಾದರ್‌ನಲ್ಲಿ ಇಳಿದು ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ ಮಾಟುಂಗ. ಮುಂಬೈ ಕನ್ನಡಿಗರಿಗೆ ಈ ಹೆಸರು ಸಾಕು. ಮೈಸೂರು ಅಸೋಸಿಯೇಷನ್ ಇಲ್ಲೇ, ಉಡುಪಿ ಹೋಟೆಲುಗಳು ಇಲ್ಲೇ, ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಅಳೆಯುವುದು ಇನ್ನೂ ಮೊಳದ ಲೆಕ್ಕದಲ್ಲೇ. 2017ರ ಜುಲೈನಿಂದ ಈ ಸ್ಟೇಷನ್ ನಡೆಸಲು ಕೇಂದ್ರ ರೈಲ್ವೆ ಹೆಂಗಸರನ್ನೇ ನೇಮಿಸಿತು. ಮ್ಯಾನೇಜರಿನಿಂದ ಹಿಡಿದು ಟಿಕೆಟ್ ಕೌಂಟರ್, ಟಿಸಿ, ಅನೌನ್ಸ್‌ಮೆಂಟ್, ರೈಲ್ವೆ ಪೊಲೀಸ್‌ವರೆಗೆ. ಮರುವರ್ಷ ಲಿಮ್ಕಾ ದಾಖಲೆ ಪುಸ್ತಕಕ್ಕೂ ಸೇರಿತು. ಗೋಡೆಗೆಲ್ಲ ಗುಲಾಬಿ ಬಣ್ಣ ಬಳಿದಿರಬಹುದು ಎಂದು ನನಗೆ ಭಯವಿತ್ತು. ಹಾಗೇನಿಲ್ಲ. ಕೌಂಟರಿನಾಕೆ ಚಿಲ್ಲರೆ ಇಲ್ಲ ಎಂದು ಎಲ್ಲರಿಗೂ ಒಂದೇ ಸಮ ಗದರುತ್ತಿದ್ದಳು. ನನಗೆ ಸಮಾಧಾನವಾಯಿತು.

ಊಟಕ್ಕೆ ಎದುರಿಗೇ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಬಾಳೆ ಎಲೆ ಊಟ ಹಾಕುತ್ತಿದ್ದಾರೆ. "ಸಾರಿಗ್ಯಾಕ ಬೆಲ್ಲ ಹಾಕ್ಯಾರ?" ಎಂದಳು ಚಿಗವ್ವ. ಹಾಗೆನ್ನುತ್ತಲೇ ಎರಡನೇ ಸಲ ಹಾಕಿಸಿಕೊಂಡಳು.

ಊಟ ಮುಗಿಸಿ ಅಣ್ಣನ ಮನೆಯಲ್ಲಿ ಕಾಲು ಚಾಚಿದಾಗ ಅವಳ ಫೋನ್ ನೋಡಿದೆ. ಟೂರಿನ ವಾಟ್ಸಾಪ್ ಗುಂಪು. ನಾನು ಸಾಫ್ಟ್‌ವೇರ್‌ನಲ್ಲಿ ಇರುವವಳು, ಟ್ರಾವೆಲ್ ಆ್ಯಪ್‌ಗಳ ಬಣ್ಣಬಣ್ಣದ ಪರದೆ ನೋಡಿ ನೋಡಿ ಸಾಕಾಗಿದೆ. ಹೋದ ಸಲ ಒಂದು ಆ್ಯಪ್ ನೋಡಿ ಊರೊಂದರಲ್ಲಿ ರೂಮ್ ಹಿಡಿದಿದ್ದೆ. ನಾಲ್ಕಕ್ಕಿಂತ ಜಾಸ್ತಿ ಸ್ಟಾರ್, ಚೆಂದದ ಫೋಟೊ. ಬಾತ್‌ರೂಮಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಬಕೆಟ್ ಅಡ್ಡ ಇಟ್ಟು ಸ್ನಾನ ಮಾಡಿದೆ. ಸ್ಟಾರ್ ಕೊಟ್ಟವರು ಯಾರೂ ಚಿಲಕದ ಮಾತೆತ್ತಿರಲಿಲ್ಲ.

ಈ ಗುಂಪಿನಲ್ಲಿ ಇದ್ದದ್ದು ಬರೀ ಅಂಥವೇ ವಿಷಯ. ಟೂರ್ ಮ್ಯಾನೇಜರ್ ಹುಡುಗಿಯ ವಾಯ್ಸ್ ಮೆಸೇಜ್, ಮರಾಠಿಯಲ್ಲೊಂದು, ಹಿಂದಿಯಲ್ಲೊಂದು. ಬಸ್ ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿ ಶೌಚಾಲಯ ಹೇಗಿದೆ, ಬಿಪಿ ಮಾತ್ರೆ ಯಾವ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು. ಬುಕಿಂಗ್ ಫಾರ್ಮಿನಲ್ಲಿ "ನಿಮಗೆ ಗೊರಕೆ ಹೊಡೆಯುವ ಅಭ್ಯಾಸವಿದೆಯೇ?" ಎಂದೂ ಕೇಳಿದ್ದರಂತೆ. ಒಬ್ಬೊಬ್ಬರೇ ಬರುವವರನ್ನು ಒಂದು ರೂಮಿಗೆ ಇಬ್ಬರಂತೆ ಜೋಡಿ ಮಾಡಬೇಕಲ್ಲ. ಚಿಗವ್ವ "ಇಲ್ಲ" ಎಂದು ಬರೆದಿದ್ದಾಳೆ. ಪಾಪ, ಆ ರೂಮ್‌ಮೇಟ್.

ಈ ಪ್ರಶ್ನೆಗಳನ್ನು ಕೇಳಬೇಕು ಎಂದು ಮೊದಲು ಹೊಳೆದದ್ದು ಯಾರಿಗೆ? ಕೋಡ್ ಬರೆಯುವ ನಮ್ಮಂಥವರಿಗಂತೂ ಅಲ್ಲ. ಕೇಸರಿ ಪಾಟೀಲರು 1984ರಲ್ಲಿ ಮುಂಬೈಯಲ್ಲಿ ಕೇಸರಿ ಟೂರ್ಸ್ ಶುರು ಮಾಡಿದರು. ಅಲ್ಲಿ ಪಳಗಿದ ಮಗಳು ವೀಣಾ ಪಾಟೀಲ್ ಹೆಂಗಸರಿಗೇ ಅಂತ ಟೂರು ನಡೆಸಿದರು, 2013ರಲ್ಲಿ ವೀಣಾ ವರ್ಲ್ಡ್ ಕಟ್ಟಿದರು. ದೆಹಲಿಯ ಸುಮಿತ್ರಾ ಸೇನಾಪತಿ 2005ರಲ್ಲೇ ಹೆಂಗಸರ ಪ್ರವಾಸದ ಕ್ಲಬ್ ತೆರೆದಿದ್ದರು. ಆಗ ನಮ್ಮಂಥವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇನ್ನೂ ಬಂದಿರಲಿಲ್ಲ. ಆ್ಯಪು, ಕ್ಯೂಆರ್ ಕೋಡು ಎಲ್ಲ ಆಮೇಲೆ ಬಂದು ಇದರ ಮೇಲೆ ಕೂತವು. ಈಗಿನ ಕಂಪನಿಗಳಲ್ಲೂ ಹೆಂಗಸರಿದ್ದಾರೆ: ವಿಲ್ಲಾ ಬಾಡಿಗೆಗೆ ಕೊಡುವ ಮುಂಬೈಯ ಸ್ಟೇವಿಸ್ಟಾ ಕಟ್ಟಿದವರಲ್ಲಿ ಅಂಕಿತಾ ಶೇಠ್ ಒಬ್ಬರು, ಟೂರು ಬುಕ್ ಮಾಡಿಕೊಡುವ ಥ್ರಿಲೋಫಿಲಿಯಾ ಕಟ್ಟಿದವರಲ್ಲಿ ಚಿತ್ರಾ ಗುರ್ನಾನಿ ಡಾಗಾ. ಮಹಾರಾಷ್ಟ್ರ ಸರ್ಕಾರವೂ 2023ರಲ್ಲಿ 'ಆಯಿ' ಎಂಬ ನೀತಿ ತಂದಿದೆ. ಹೋಮ್‌ಸ್ಟೇಯಂಥ ಪ್ರವಾಸದ ಉದ್ಯೋಗಕ್ಕೆ ಹೆಂಗಸರು ತೆಗೆಯುವ 15 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯನ್ನು ಸರ್ಕಾರ ತುಂಬಿಕೊಡುತ್ತದೆ. ಇದು ನನಗೆ ಮಾರ್ಚ್ 8ರ ಡಿಸ್ಕೌಂಟ್ ಕೂಪನ್ನುಗಳಿಗಿಂತ ಕೆಲಸಕ್ಕೆ ಬರುವ ಮಾತು ಅನಿಸುತ್ತದೆ.

ಮರುದಿನ ವಿಮಾನ ನಿಲ್ದಾಣದ ಗೇಟಿನಲ್ಲಿ ಟೂರಿನವರ ಬೋರ್ಡ್ ಕಂಡಿತು. ಸುತ್ತ ಸೀರೆ, ಸಲ್ವಾರು, ಹೊಸ ಸ್ಪೋರ್ಟ್ಸ್ ಶೂ. ಒಳಗೆ ಹೋಗುವುದು ಹೇಗೆ, ಏನು ತೋರಿಸಬೇಕು ಎಂದು ಚಿಗವ್ವನಿಗೆ ದಾರಿಯುದ್ದಕ್ಕೂ ಪಾಠ ಹೇಳಿಕೊಂಡೇ ಬಂದಿದ್ದೆ. ಟ್ಯಾಕ್ಸಿಗೆ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಅವಳು ಸಾಂಗ್ಲಿಯ ಇನ್ನೊಬ್ಬ ಹೆಂಗಸಿನ ಫೋನ್ ಇಸಿದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೋರ್ಡಿಂಗ್ ಪಾಸ್ ಎಲ್ಲಿ ಸೇವ್ ಆಗಿರುತ್ತದೆಂದು ಮರಾಠಿಯಲ್ಲಿ ತೋರಿಸುತ್ತಿದ್ದಳು. ಟೀಚರ್ ದನಿ. "ಚಿಗವ್ವಾ, ನಾ ಬರ್ಲಿ?" ಎಂದೆ. "ತಡಿ, ಇಕಿದು ಆಗ್ಲಿ" ಎಂದಳು. ಅದು ಮುಗಿಯುವಷ್ಟರಲ್ಲಿ ಮೂರನೆಯವಳು ಫೋನ್ ಹಿಡಿದು ಹತ್ತಿರ ಬಂದಳು. ನಾನು ಕೈ ಬೀಸಿ ದಾದರ್ ಕಡೆ ಹೊರಟೆ.