ಬಣ್ಣ ಬಳಿದು ಮುಚ್ಚಿದ ಗೋಡೆ

“ಮಲಗೋ ಕೋಣೆ ಗೋಡೆ ಮತ್ತೆ ಹಸಿಯಾಗಿದೆ ಸಾರ್. ಮಗುಗೆ ರಾತ್ರಿಯೆಲ್ಲ ಕೆಮ್ಮು.”

ಬಾಡಿಗೆಗಿದ್ದ ಹೆಣ್ಣುಮಗಳು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆ ‘ಮತ್ತೆ’ ಅನ್ನುವ ಮಾತು ನನ್ನನ್ನು ಚುಚ್ಚಿತು. ಮೂರು ತಿಂಗಳ ಹಿಂದೆ, ಕಲೆ ಅಂಗೈಯಗಲ ಇದ್ದಾಗಲೇ ಅವರು ಹೇಳಿದ್ದರು. ನಾನು ಹೋಗಿ ನೋಡಲಿಲ್ಲ. ಪೇಂಟರನ್ನು ಕಳಿಸಿ, ಪುಟ್ಟಿ ಹಾಕಿಸಿ, ಎರಡು ಕೋಟ್ ಬಣ್ಣ ಹೊಡೆಸಿ, ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಪ್ಲಂಬರ್ ಜೊತೆ ಹೋದಾಗ ಬಣ್ಣ ಹಪ್ಪಳದಂತೆ ಎದ್ದಿತ್ತು. ಬೆರಳಿಟ್ಟರೆ ಗಾರೆ ಉದುರುತ್ತಿತ್ತು, ಅದರ ಮೇಲೆ ಬಿಳಿ ಉಪ್ಪು. ಮಂಚವನ್ನು ಅವರು ಆಗಲೇ ಕೋಣೆಯ ಮಧ್ಯಕ್ಕೆ ಎಳೆದುಕೊಂಡಿದ್ದರು. ಹಸಿ ಗೋಡೆಯ ಮೇಲೆ ಬಣ್ಣ ಬಳಿದರೆ ನೀರು ನಿಲ್ಲುವುದಿಲ್ಲ. ಒಳಗಿನ ತೇವ ಗಾರೆಯಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಆ ಲವಣ ಗಟ್ಟಿಯಾಗಿ ಬಣ್ಣವನ್ನು ಎಬ್ಬಿಸಿಬಿಡುತ್ತದೆ.

ಪ್ಲಂಬರ್ ಸುತ್ತಿಗೆ ತೆಗೆಯಲಿಲ್ಲ. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿಸಿ, ನೀರಿನ ಮೀಟರ್ ಮುಂದೆ ಅರ್ಧ ಗಂಟೆ ನಿಂತರು. ಮುಳ್ಳು ಅಲುಗಲಿಲ್ಲ. ಅಂದರೆ ನೀರು ತರುವ ಪೈಪು ಸರಿಯಿದೆ. “ಯಾವಾಗ ಜಾಸ್ತಿ ಆಗುತ್ತಮ್ಮಾ?” ಎಂದು ಕೇಳಿದರು. “ಎಲ್ಲರ ಸ್ನಾನ ಆದ ಮೇಲೆ, ಮಧ್ಯಾಹ್ನದ ಹೊತ್ತಿಗೆ.” ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆ ಗೋಡೆಯ ಆಚೆ ಬದಿಗೇ ಬಚ್ಚಲುಮನೆ. ಮೂರು ತಿಂಗಳ ಹಿಂದೆ ನಾನೇ ಕೇಳಬಹುದಾಗಿದ್ದ ಪ್ರಶ್ನೆ ಇದು. ಮನೆಯಲ್ಲಿ ವಾಸ ಇರುವವರಿಗೆ ಗೊತ್ತಿರುವಷ್ಟು ಮಾಲೀಕರಿಗೆ ಯಾವತ್ತೂ ಗೊತ್ತಿರುವುದಿಲ್ಲ.

ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ನೆಲದ ಮೇಲೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದರು. ಸಂಜೆಗೆ ನೀರು ಗೆರೆಗಿಂತ ಸಾಕಷ್ಟು ಕೆಳಗಿಳಿದಿತ್ತು. ತೂಬಿನ ಸುತ್ತ ಟೈಲ್ಸ್ ಸಂದಿನ ಸಿಮೆಂಟು ಪೂರ್ತಿ ಹೋಗಿತ್ತು. ದಿನವೂ ಸ್ನಾನದ ನೀರು ಸ್ವಲ್ಪ ಸ್ವಲ್ಪವೇ ಟೈಲ್ಸ್ ಅಡಿಗೆ ಇಳಿದು, ತುಂಬಿದ್ದ ಮರಳಿನಲ್ಲಿ ನಿಂತು, ಗೋಡೆಯ ಮೂಲಕ ದಾರಿ ಮಾಡಿಕೊಂಡಿತ್ತು. ಮೊದಲ ಫೋನಿಗೇ ಸಂದು ತುಂಬಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಈಗ ನೆಲವನ್ನೇ ಕೀಳಬೇಕಾಯಿತು.

ಕಿತ್ತ ಮೇಲೆ ಅವಸರ ಮಾಡಲಿಲ್ಲ. ನೀರು ತಡೆಯುವ ಲೇಪನವನ್ನು ಎರಡು ಸಲ, ಗೋಡೆಯ ಮೇಲೂ ಒಂದಡಿ ಎತ್ತರದವರೆಗೆ ಬಳಿಸಿದೆವು. ಅದು ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲಷ್ಟೇ ಟೈಲ್ಸ್. ಮೇಸ್ತ್ರಿ ಒಂದು ದಿನ ಸಾಕು ಅಂದರು, ನಾನು ಒಪ್ಪಲಿಲ್ಲ. ಕೋಣೆಯ ಗೋಡೆಯ ಗಾರೆ ಕೆರೆಸಿ ವಾರಗಟ್ಟಲೆ ಆರಲು ಬಿಟ್ಟೆ. ಅಷ್ಟೂ ದಿನ ಅವರಿಂದ ಅರ್ಧ ಬಾಡಿಗೆ ಮಾತ್ರ ತೆಗೆದುಕೊಂಡೆ. ಅವರು ಕೇಳಿರಲಿಲ್ಲ. ಆದರೆ ಅವರಿಗೆ ಸಿಗುತ್ತಿದ್ದದ್ದು ಅರ್ಧ ಮನೆ ಮಾತ್ರ ತಾನೇ?

ಈ ಮನೆ ಕೊಳ್ಳುವಾಗಲೇ ಸುಳಿವಿತ್ತು ಎಂದು ಆಮೇಲೆ ನೆನಪಾಯಿತು. ಇಡೀ ಮನೆಗೆ ಹಳೆಯ ಬಣ್ಣ, ಅದೊಂದು ಗೋಡೆಗೆ ಮಾತ್ರ ಹೊಸದು. ಮನೆ ಬಹಳ ದಿನ ಖಾಲಿ ಇದ್ದದ್ದರಿಂದ ನೆಲ ಒಣಗಿತ್ತು, ನಾನು ನೋಡಿದ್ದೂ ಬಿಸಿಲಿನ ಮಧ್ಯಾಹ್ನ. ಈಗ ಯಾರಾದರೂ ಬಾಡಿಗೆಗೆ ಕೊಡಲೆಂದು ಕೊಳ್ಳುವ ಮನೆ ನೋಡಲು ಕರೆದರೆ ಮಳೆ ಬಂದ ಮರುದಿನ ಹೋಗೋಣ ಎನ್ನುತ್ತೇನೆ. ಬಚ್ಚಲಿಗೆ ಎರಡು ಬಕೆಟ್ ನೀರು ಸುರಿದು ಅದು ತೂಬಿನ ಕಡೆ ಹರಿಯುತ್ತದೋ ಮೂಲೆಯಲ್ಲಿ ನಿಲ್ಲುತ್ತದೋ ನೋಡುತ್ತೇನೆ. ಎರಡು ನಲ್ಲಿ ಒಟ್ಟಿಗೆ ಬಿಟ್ಟು ಒತ್ತಡ ಎಷ್ಟಿದೆ ನೋಡುತ್ತೇನೆ. ಕರೆಂಟ್ ಬೋರ್ಡಿನಲ್ಲಿ ಶಾಕ್ ತಡೆಯುವ ಬ್ರೇಕರಿನ ‘ಟೆಸ್ಟ್’ ಗುಂಡಿ ಒತ್ತುತ್ತೇನೆ. ಬ್ರೇಕರ್ ತಕ್ಷಣ ಬಿದ್ದು ಕರೆಂಟ್ ಕಡಿದುಹೋಗಬೇಕು. ಲೆಕ್ಕ ಹಾಕುವಾಗ ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಹಿಡಿಯುತ್ತೇನೆ. ಉಳಿದೆರಡು ತಿಂಗಳದ್ದು ರಿಪೇರಿಗೆ, ಮನೆ ಖಾಲಿ ಬೀಳುವ ದಿನಗಳಿಗೆ. ಆ ಹಣ ಬೇರೆ ಖಾತೆಯಲ್ಲೇ ಇರುತ್ತದೆ, ನಾನು ಮುಟ್ಟುವುದಿಲ್ಲ.

ಗೋಡೆಗೆ ಬಣ್ಣ ಆದ ಎರಡು ವಾರಕ್ಕೆ ಮತ್ತೆ ಫೋನ್ ಬಂತು. “ಅಡುಗೆಮನೆ ನಲ್ಲಿ ಸ್ವಲ್ಪ ತೊಟ್ಟಿಕ್ತಿದೆ ಸಾರ್. ಅರ್ಜೆಂಟೇನಿಲ್ಲ, ಈ ಕಡೆ ಬಂದಾಗ ನೋಡಿದ್ರೆ ಸಾಕು.”

ಸೆಕೆಂಡಿಗೊಂದು ಹನಿ ಬಿದ್ದರೂ ವರ್ಷಕ್ಕೆ ಸಾವಿರಾರು ಲೀಟರ್ ನೀರು ಹೋಗುತ್ತದೆ. ಅವತ್ತೇ ಸಂಜೆ ವಾಷರ್ ತೆಗೆದುಕೊಂಡು ಹೋದೆ. ಮಗು ಗೋಡೆಯ ಪಕ್ಕದ ಮಂಚದ ಮೇಲೆ ನಿದ್ದೆ ಮಾಡುತ್ತಿತ್ತು.