ಪ್ಲಾಸ್ಮಾ ಆಕ್ಚುಯೇಟರ್ ಪ್ರಾಜೆಕ್ಟ್: ಈಗ ರೆಕ್ಕೆಯ ಮೇಲೆ

ಸಪಾಟು ಹಾಳೆಯ ಮೇಲಿನ ಪರೀಕ್ಷೆಗಳು ಮುಗಿದವು. ಆಕ್ಚುಯೇಟರ್ ಈಗ ರೆಕ್ಕೆ ಏರಿ ವಿಂಡ್ ಟನಲ್ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಒಳಗೆ ಕೂತಿದೆ.

ಮೊದಲ ಸಲ ಓದುವವರಿಗೆ: ರೆಕ್ಕೆಯ ಮೇಲಿನ ಗಾಳಿ ಕಿತ್ತುಹೋಗದಂತೆ ಕರೆಂಟ್‌ನಿಂದಲೇ ಅದನ್ನು ತಳ್ಳುವ ಸಾಧನ ಇದು, ತಿರುಗುವ ಭಾಗ ಒಂದೂ ಇಲ್ಲ. ಎರಡು ತಾಮ್ರದ ಪಟ್ಟಿ, ನಡುವೆ ಕರೆಂಟ್ ಹರಿಯದ ಒಂದು ಪದರ, ಅಷ್ಟೇ. ಮೇಲಿನ ಪಟ್ಟಿ ಗಾಳಿಗೆ ತೆರೆದಿರುತ್ತದೆ. ಕೆಳಗಿನದು ಒಂದು ಪಕ್ಕಕ್ಕೆ ಸರಿದು, ಪೂರ್ತಿ ಮುಚ್ಚಿರುತ್ತದೆ. ಕಿಲೋಹರ್ಟ್ಸ್ ವೇಗದಲ್ಲಿ ಹಲವು ಸಾವಿರ ವೋಲ್ಟ್ ಎಸಿ ಕೊಟ್ಟರೆ ತೆರೆದ ಪಟ್ಟಿಯ ಅಂಚಿನಲ್ಲಿ ನೇರಳೆ ಬೆಳಕು ಮೂಡುತ್ತದೆ, ಅದೇ ಪ್ಲಾಸ್ಮಾ. ಅಲ್ಲಿ ಹುಟ್ಟುವ ಅಯಾನುಗಳು ಸುತ್ತಲಿನ ಗಾಳಿಯನ್ನು ಮುಚ್ಚಿದ ಪಟ್ಟಿಯ ಕಡೆಗೆ ತಳ್ಳುತ್ತವೆ. ಸೆಕೆಂಡಿಗೆ ಕೆಲವೇ ಮೀಟರ್ ವೇಗ. ಫ್ಯಾನ್ ತಳ್ಳುವಷ್ಟು ಗಾಳಿ ಇದರಿಂದ ಆಗದು.

ನಡುವಿನ ಪದರಕ್ಕೆ ಬರೀ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ತೆಳು ಪ್ಲಾಸ್ಟಿಕ್ ಟೇಪ್) ಸಾಲದು. ತೆಳು ಪದರದಲ್ಲಿ ವೋಲ್ಟೇಜ್ ಏರಿಸುತ್ತಾ ಹೋದರೆ ಹರಡಿದ ಬೆಳಕು ಹೋಗಿ ಕಿಡಿಯಂಥ ಎಳೆಗಳು ಶುರುವಾಗುತ್ತವೆ. ಆಮೇಲೆ ತಳ್ಳುವ ಬಲ ಏರುವುದಿಲ್ಲ, ಟೇಪ್ ಮಾತ್ರ ಸವೆಯುತ್ತದೆ. ಅದಕ್ಕೇ ದಪ್ಪ ಟೆಫ್ಲಾನ್‌ಗೆ ಬಂದೆ. ವೋಲ್ಟೇಜ್ ಜಾಸ್ತಿ ಬೇಕು, ಬಲವೂ ಜಾಸ್ತಿ ಸಿಗುತ್ತದೆ. ಬಲ ಅಳೆಯಲು ಹಾಳೆಯನ್ನು ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿದ್ದೆ. ಪ್ಲಾಸ್ಮಾ ಹೊತ್ತಿಕೊಂಡ ಕೂಡಲೇ ತಕ್ಕಡಿಯ ಅಂಕಿಗಳು ಹುಚ್ಚೆದ್ದು ಕುಣಿದವು. ಹೈ ವೋಲ್ಟೇಜ್‌ನ ವಿದ್ಯುತ್ ಗದ್ದಲ ಅದು; ತಕ್ಕಡಿಯನ್ನು ಅರ್ತ್ ಮಾಡಿದ ಲೋಹದ ಡಬ್ಬಿಯೊಳಗೆ ಇಟ್ಟ ಮೇಲೆಯೇ ತಣ್ಣಗಾದದ್ದು.

ಇನ್ನು ರೆಕ್ಕೆ. ಅಗಲ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 12 ಸೆಂಟಿಮೀಟರ್. ಗಾಳಿ ಸೆಕೆಂಡಿಗೆ 6 ಮೀಟರ್. ರೇನಾಲ್ಡ್ಸ್ ಸಂಖ್ಯೆ (ಗಾಳಿಯ ಓಟದ ಜೋರು ಅದರ ಅಂಟುತನಕ್ಕಿಂತ ಎಷ್ಟು ಹೆಚ್ಚು ಎಂಬ ಅಳತೆ) ಸುಮಾರು 48,000. ಆಕ್ಚುಯೇಟರ್ ಇರುವುದು ಮುಂದಿನ ಅಂಚಿನಲ್ಲೇ, ಹರಿವು ಮೇಲ್ಮೈ ಬಿಟ್ಟು ಏಳುವ ಜಾಗದ ಸ್ವಲ್ಪ ಮುಂದೆ. ಹಿಂದೆ ಇಟ್ಟರೆ ಕಿತ್ತುಹೋದ ಹರಿವಿನ ಕೆಳಗೆ ಸುಮ್ನೆ ಹೊಳೆಯುತ್ತಾ ಇರುತ್ತದೆ.

ರೆಕ್ಕೆಯನ್ನು ಸ್ಟಾಲ್ ಆಗುವಷ್ಟು, ಅಂದರೆ ಹರಿವು ಬೆನ್ನು ಬಿಟ್ಟು ಎದ್ದು ಲಿಫ್ಟ್ (ಎತ್ತುವ ಬಲ) ಕುಸಿಯುವಷ್ಟು, ಮುಂದಿನ ಅಂಚು ಎತ್ತಿ, ಹರಿವು ಕಾಣಲೆಂದು ಹೊಗೆ ಬಿಟ್ಟೆ. ಪ್ಲಾಸ್ಮಾ ಸತತವಾಗಿ ಉರಿದಾಗ ಹೊಗೆ ಕೊಂಚ ಬಗ್ಗಿತು, ಕೂರಲಿಲ್ಲ. ಅದನ್ನೇ ಬಿಟ್ಟು ಬಿಟ್ಟು ಉರಿಸಿದಾಗ ಆಟವೇ ಬೇರೆ! ಬಡಿತದ ಲೆಕ್ಕ ಸರಳ: ಗಾಳಿಯ ವೇಗವನ್ನು ರೆಕ್ಕೆಯ ಅಗಲದಿಂದ ಭಾಗಿಸಿದರೆ ಇಲ್ಲಿ 50 ಹರ್ಟ್ಸ್. ಆ ಆಸುಪಾಸಿನಲ್ಲಿ ಪ್ರತಿ ಬಡಿತಕ್ಕೂ ಒಂದೊಂದು ಸುಳಿ ಏಳುತ್ತದೆ. ಆ ಸುಳಿಗಳು ಹೊರಗಿನ ವೇಗದ ಗಾಳಿಯನ್ನು ಕೆಳಗೆಳೆದು ತರುತ್ತವೆ, ಹೊಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಉರಿಯುವ ಸಮಯವನ್ನು ಕಾಲುಭಾಗಕ್ಕೆ ಇಳಿಸಿದರೂ ಹಾಗೇ ಇತ್ತು. ಅಂದರೆ ಜಾಸ್ತಿ ಕೆಲಸ ಮಾಡುತ್ತಿರುವುದು ಗಾಳಿಯೇ, ಪ್ಲಾಸ್ಮಾ ಬರೀ ತಾಳ ಹಾಕುತ್ತಿದೆ, ಅಲ್ವಾ? ಬಲ ಹೆಚ್ಚಿಸಲು ಪಟ್ಟ ಪಾಡು ನೆನೆದರೆ ನಗು ಬರುತ್ತದೆ.

ಓಝೋನ್ ವಾಸನೆ ಬರುವುದರಿಂದ ಗಾಳಿಯನ್ನು ಹೊರಗೆ ಕಳಿಸುವ ಕೊಳವೆ ಕಡ್ಡಾಯ. ಕರೆಂಟ್ ತೆಗೆದ ಮೇಲೂ ಎಲೆಕ್ಟ್ರೋಡ್‌ಗಳನ್ನು ಅರ್ತ್ ಮಾಡದೆ ಮುಟ್ಟುವುದಿಲ್ಲ.

ಮುಂದೆ ಗಾಳಿಯ ವೇಗ ಏರಿಸಬೇಕು. ಬಡಿತವನ್ನೂ ಅದೇ ಲೆಕ್ಕದಲ್ಲಿ ಏರಿಸಿದರೆ ಹೊಗೆ ಎಲ್ಲಿಯವರೆಗೆ ಅಂಟಿಕೊಂಡಿರುತ್ತದೆ ಎಂದು ನೋಡುತ್ತೇನೆ. ಅದಕ್ಕೂ ಮೊದಲು ಲಿಫ್ಟ್ ಅಳೆಯುವ ತಕ್ಕಡಿಗೂ ಒಂದು ಲೋಹದ ಡಬ್ಬಿ ಮಾಡಬೇಕು.